ಹಿಪ್-ಹಾಪ್ ಸೆಟ್‌ನಾಗ ಬೀಟ್ ಕೂಡಿದ್ರೂ ಗದ್ದಲ ಯಾಕ ಆಗ್ತೈತಿ?

ಧಾರವಾಡದ ಕಾಲೇಜ್ ಗ್ಯಾದರಿಂಗ್‌ಗೆ 40 ನಿಮಿಷದ ಸೆಟ್, ಕೈಯಾಗ ಎರಡು ಚಾನಲ್ ಡಿಜೆ ಕಂಟ್ರೋಲರ್, ಸಿಂಕ್ (ಎರಡೂ ಹಾಡಿನ ವೇಗ ತಾನಾಗಿ ಕೂಡಿಸೂ ಬಟನ್) ಹಾಕಿದ್ರೂ ಹಾಡು ಬದಲಿಸುವಾಗ ಗದ್ದಲ ಆಗ್ತೈತಿ ಅಂತ ಕೇಳೀರಿ. ತಪ್ಪು ಬೀಟಿಂದಲ್ರಿ, ಮಾತಿಂದು. ಹೌಸ್ (ಕ್ಲಬ್ ಡಾನ್ಸ್) ಹಾಡಿನ ಶುರುವಿಗೂ ಕೊನೀಗೂ ಬರೇ ತಾಳ ಉದ್ದಕ ಇರ್ತೈತಿ, ಅಲ್ಲಿ ನಿಮಿಷಗಟ್ಲೆ ಎರಡೂ ಹಾಡು ಒಟ್ಟಿಗೆ ಓಡಿಸಬಹುದು. ರ‍್ಯಾಪ್ ಹಾಡು ನಾಲ್ಕೆಂಟು ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಆಗೂದ್ರಾಗ ಮಾತಿಗೆ ಇಳೀತೈತಿ. ಇಬ್ಬರ ಮಾತು ಒಂದರ ಮ್ಯಾಲೊಂದು ಬಿದ್ರ ಎರಡೂ ಕೆಟ್ಟಂಗ.

ವರ್ಸ್ (ರ‍್ಯಾಪ್ ಚರಣ) ಬಹಳ ಮಾಡಿ 16 ಬಾರ್, ಹುಕ್ (ಪಲ್ಲವಿ) 8. ಹುಕ್, ವರ್ಸ್, ಮತ್ತ ಹುಕ್ ಇಷ್ಟ ಬಾರಿಸಿ ಹೊರಗ ಬರ್ರಿ. 90 ಬಿಪಿಎಂನಾಗ (ನಿಮಿಷಕ್ಕ 90 ಬೀಟ್) ಅದು ಸುಮಾರು 85 ಸೆಕೆಂಡ್. ಪೂರ್ತಿ ಹಾಡು ಕೇಳಾಕ ಮಂದಿ ಬಂದಿರೂದಿಲ್ಲ. ಅಂದಾಜು 28 ಹಾಡು ಬೇಕಾಗ್ತಾವ, 40 ತಯಾರು ಇಟ್ಕೋರಿ. ಪ್ರತಿ ಹಾಡಿಗೂ ಹಾಟ್ ಕ್ಯೂ (ಒತ್ತಿದ್ರ ಅಲ್ಲಿಗೇ ಹಾರೂ ಗುರುತು) ಮನಿಯಾಗ ಹಾಕ್ರಿ: ಮೊದಲ ಕಿಕ್ (ದಪ್ಪ ಡ್ರಮ್ ಪೆಟ್ಟು), ಮೊದಲ ಮಾತು, ಹುಕ್ಕಿನ ಶುರು.

ಬದಲಿಸೂದು ಹಿಂಗ. ಹಳೇ ಹಾಡಿನ ಎರಡನೇ ಹುಕ್ಕಿನ ಕೊನೇ ನಾಲ್ಕು ಬಾರ್ ಉಳಿದಾಗ ಹೊಸಾದರ ಮಾತಿಲ್ಲದ ಶುರು ಬಿಡ್ರಿ, ಅದರ ಬಾಸ್ ಪೂರ್ತಿ ಕೆಳಗಿರ್ಲಿ. ನಾಲ್ಕು ಬಾರ್ ಮುಗಿದು ಮುಂದಿನ ಒಂದನೇ ಬೀಟ್ ಬಿದ್ದ ಕ್ಷಣಕ್ಕ ಹೊಸಾದರ ಬಾಸ್ ಮ್ಯಾಲೆ, ಹಳೇದರ ಬಾಸ್ ಕೆಳಗ, ಕ್ರಾಸ್‌ಫೇಡರ್ (ಒಂದು ಹಾಡಿಂದ ಇನ್ನೊಂದಕ್ಕ ಸರಿಸೂ ಪಟ್ಟಿ) ಒಮ್ಮೆಲೇ ಹೊಸಾದರ ಕಡೆ. ಎರಡೂ ಬಾಸ್ ಒಟ್ಟಿಗೆ ಇದ್ರ ಮೀಟರ್ ಕೆಂಪಿಗೆ ಹೋಗಿ ಕಿಕ್ ಮಸಕಾಗ್ತೈತಿ. ಹೊಸ ಹಾಡಿನ ಶುರು ಎರಡ ಬಾರ್ ಇದ್ರ ಅದನ್ನ ಲೂಪ್ ಮಾಡಿ (ಮತ್ತ ಮತ್ತ ತಿರುಗಿಸಿ) ನಾಲ್ಕಕ್ಕ ಎಳೀರಿ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಡಿಜೆ ಕೂಲ್ ಹರ್ಕ್ 1970ರ ದಶಕದಾಗ ಒಂದ ರೆಕಾರ್ಡಿನ ಎರಡು ಪ್ರತಿ ಇಟ್ಟು ಬ್ರೇಕ್ (ಬರೇ ತಾಳದ ತುಣುಕು) ಉದ್ದ ಮಾಡ್ತಿದ್ರಲ್ಲ, ಅದ ಕೆಲಸಾನ ಈಗ ಒಂದು ಬಟನ್ ಮಾಡ್ತೈತಿ.

ಸಿಂಕ್ ಕೈ ಕೊಡೂದು ಟ್ರ್ಯಾಪ್ (ನಿಧಾನ ತಾಳದ ರ‍್ಯಾಪ್) ಹಾಡಿನಾಗ. ಎರಡೂ ಒಂದ ವೇಗ ಇದ್ರೂ ಒಂದು ಹಾಡು 70 ಅಂತ ತೋರಿಸಿದ್ರ ಇನ್ನೊಂದು 140 ಅಂತಿರ್ತೈತಿ. 140ರ ಲೆಕ್ಕದಾಗ ಸ್ನೇರ್ (ಚಟ್ ಅನ್ನೂ ಡ್ರಮ್) ಮೂರನೇ ಬೀಟಿಗೆ ಬಿದ್ರ ಅದನ್ನ 70 ಅಂತ ತಿದ್ದಿ ಇಡ್ರಿ. ಹಾಡಿನ ವೇಗ 84, 88, 92 ಹಿಂಗ ಏರಿಸ್ಕೋತ ಹೋಗ್ರಿ. ಪಿಚ್ (ವೇಗದ ಸ್ಲೈಡರ್) ಬಹಳ ಎಳದ್ರ ಕೀ ಲಾಕ್ (ಸ್ವರ ಬದಲಾಗದಂಗ ಹಿಡಿಯೂ ಬಟನ್) ಇದ್ರೂ ದನಿ ಒಡೀಬಹುದು. 95ರಿಂದ 70ಕ್ಕ ಇಳಿಯೂದಿದ್ರ ಕೂಡಿಸಾಕ ಹೋಗಬ್ಯಾಡ್ರಿ. ಕೊನೇ ಶಬ್ದಕ್ಕ ಎಕೋ ಹಾಕಿ ಹಳೇ ಹಾಡು ಕಡೀರಿ, ಹೊಸಾದನ್ನ ನೇರ ಕಿಕ್ಕಿಂದ ಬಿಡ್ರಿ.

ಜಗ್ಗಲಿಗಿ ಅನ್ನೂ ಚರ್ಮವಾದ್ಯದ ರೆಕಾರ್ಡಿಂಗ್ ಸೇರಿಸೂ ಆಸೆ ಇದ್ರ (ಹುಬ್ಬಳ್ಳಿ-ಧಾರವಾಡದ ಮಂದಿಗೆ ಅದರಷ್ಟು ಏರೂದು ಬ್ಯಾರೇದಿಲ್ಲ ಬಿಡ್ರಿ), ಕೈಲೆ ಬಾರಿಸಿದ್ದು ಒಂದ ವೇಗಕ್ಕ ನಿಲ್ಲೂದಿಲ್ಲ, ಗ್ರಿಡ್ (ಸಾಫ್ಟ್‌ವೇರ್ ಹಾಕಿದ ಬೀಟ್ ಗುರುತು) ಜಾರ್ತೈತಿ. ಎರಡು ಬಾರ್ ಕತ್ತರಿಸಿ ಲೂಪ್ ಮಾಡಿದ್ರ ಮಾತ್ರ ಕೂಡ್ತೈತಿ.

ಮೈದಾನಕ್ಕ ಎರಡು ತಾಸು ಮೊದಲ ಹೋಗ್ರಿ. ಬಾಡಿಗಿ ಸೌಂಡ್ ಮೋನೋ (ಎಡ-ಬಲ ಎರಡೂ ಒಂದ) ಇದ್ರ ಸೆಟಿಂಗ್ಸ್‌ನಾಗ ಮಾಸ್ಟರ್ ಔಟ್ ಮೋನೋ ಮಾಡ್ರಿ. ಜನರೇಟರ್ ಮ್ಯಾಲೆ ಗುಂಯ್ ಅಂದ್ರ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡ್ರಿ. ಗುಂಯ್ ನಿಂತ್ರ ಅರ್ಥಿಂಗ್ ತೊಂದ್ರೆ: ಸೌಂಡಿನವರ ಕಡೆ ಡಿಐ ಬಾಕ್ಸ್ (ಆ ಗುಂಯ್ ತಡೆಯೂ ಡಬ್ಬಿ) ಕೇಳ್ರಿ, ಇಲ್ಲಂದ್ರ ಬ್ಯಾಟರಿ ಮ್ಯಾಲ ಸೆಟ್ ಮುಗಸ್ರಿ.