20 ವಾಟ್ ಉಳಿತಾಯ ಅಂತಾರೆ, ಯಾವುದರ ಎದುರಿಗೆ ಅಂತ ಕೇಳಿ

ಪ್ರಶ್ನೆ: ನಾನು ಒಲಿಂಪಿಕ್ ದೂರದ ಟ್ರಯಾಥ್ಲಾನ್ (ಈಜು, 40 ಕಿ.ಮೀ. ಸೈಕಲ್, ಓಟ ಒಂದರ ಹಿಂದೊಂದು) ಮಾಡುತ್ತೇನೆ. ಸೈಕಲ್ ಭಾಗದಲ್ಲಿ ನನ್ನ ಸರಾಸರಿ ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ಆಳ ರಿಮ್ಮಿನ (ಹೊರಬಳೆ ಕಡ್ಡಿಗಳ ಕಡೆಗೆ ಅಗಲವಾಗಿ ಇಳಿದಿರುವ) ಕಾರ್ಬನ್ ಚಕ್ರ ಹಾಕಿದರೆ "20 ವಾಟ್ ಉಳಿತಾಯ, 40 ಕಿ.ಮೀ.ಗೆ ಒಂದು ನಿಮಿಷ ಬೇಗ" ಅಂತ ಜಾಹೀರಾತು ಹೇಳುತ್ತದೆ. ಇದು ನಿಜವಾ, ಬರೀ ಬುರುಡೆಯಾ?

ಉತ್ತರ: ಬುರುಡೆ ಅಂತ ತಳ್ಳಿಹಾಕುವ ಹಾಗಿಲ್ಲ. ಆ 20 ವಾಟ್ ಯಾವುದೋ ವಿಂಡ್ ಟನಲ್‌ನಲ್ಲಿ (ಫ್ಯಾನ್‌ನಿಂದ ಗಾಳಿ ಹಾಯಿಸಿ ಅಳೆಯುವ ಸುರಂಗ), ಯಾವುದೋ ವೇಗದಲ್ಲಿ, ಗಾಳಿಯ ಯಾವುದೋ ಕೋನದಲ್ಲಿ ಬಂದೇ ಇರುತ್ತದೆ. ಜಾಹೀರಾತಿನವರು ಹಸಿ ಸುಳ್ಳು ಹೇಳುವುದು ಕಮ್ಮಿ. ಪರೀಕ್ಷೆ ಹೇಗೆ ಮಾಡಿದೆವು ಅನ್ನುವುದನ್ನು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ, ಇಲ್ಲವೇ ಹಾಕುವುದೇ ಇಲ್ಲ. ನೀವು ಹುಡುಕಬೇಕಾದ್ದು ಅದನ್ನೇ.

ಮೊದಲು ವೇಗ. ಇಂಥ ಪರೀಕ್ಷೆಗಳನ್ನು ಹೆಚ್ಚಾಗಿ ಗಂಟೆಗೆ 45ರಿಂದ 48 ಕಿ.ಮೀ. ಗಾಳಿಯಲ್ಲಿ ಮಾಡುತ್ತಾರೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಇದೇ ಲೆಕ್ಕವನ್ನು ಹಿಂದಕ್ಕೆ ತನ್ನಿ: 48ರಲ್ಲಿ 20 ವಾಟ್ ಉಳಿಸುವ ಚಕ್ರ 30ರಲ್ಲಿ ಉಳಿಸುವುದು ಸುಮಾರು 5 ವಾಟ್. ನಿಮ್ಮ ಪಾಲಿಗೆ ಕಾಲುಭಾಗ.

ತುಂಬಾ ಜನ ಇಲ್ಲಿಗೆ ಬಂದು "ನೋಡಿದ್ರಾ ಮೋಸ" ಅಂತ ಕೈ ತೊಳೆದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ವಾಟ್ ಕಮ್ಮಿಯಾದರೂ ನೀವು ರಸ್ತೆ ಮೇಲೆ ಜಾಸ್ತಿ ಹೊತ್ತು ಇರುತ್ತೀರಿ ಅಲ್ವಾ. 48ರಲ್ಲಿ ಹೋಗುವವರು 40 ಕಿ.ಮೀ.ಯನ್ನು 50 ನಿಮಿಷದಲ್ಲಿ ಮುಗಿಸುತ್ತಾರೆ, ನಿಮಗೆ 80 ನಿಮಿಷ ಬೇಕು. ಹಾಗಾಗಿ ಉಳಿಯುವ ಸೆಕೆಂಡ್ ಲೆಕ್ಕ ಹಾಕಿದರೆ ಇಬ್ಬರದೂ ಹೆಚ್ಚುಕಮ್ಮಿ ಒಂದೇ, ಎಷ್ಟೋ ಸಲ ನಿಧಾನದವರಿಗೇ ಒಂಚೂರು ಜಾಸ್ತಿ. ಆದ್ದರಿಂದ ಆ ಒಂದು ನಿಮಿಷ ಅಸಾಧ್ಯವೇನಲ್ಲ. ಆ 20 ವಾಟ್ ಅನ್ನುವುದೇ ನಿಮ್ಮ ಸೈಕಲ್‌ಗೆ ಅನ್ವಯಿಸಿದರೆ ಮಾತ್ರ. ಕಿತಾಪತಿ ಇರುವುದು ಅಲ್ಲಿ.

ಯಾವುದರ ಎದುರಿಗೆ 20 ವಾಟ್? ಹೋಲಿಕೆಗೆ ಇಟ್ಟದ್ದು ಹಳೇ ಕಾಲದ ಚಪ್ಪಟೆ ರಿಮ್ಮಿನ, 32 ಕಡ್ಡಿಗಳ ಚಕ್ರ ಆಗಿದ್ದರೆ ಯಾವ ಹೊಸ ಚಕ್ರ ಇಟ್ಟರೂ ಗೆಲ್ಲುತ್ತದೆ. ನಿಮ್ಮ ಹತ್ತಿರ ಈಗಲೇ ಮಧ್ಯಮ ಆಳದ ರಿಮ್ ಇದ್ದರೆ ಆ ಅಂತರದ ದೊಡ್ಡ ಪಾಲು ಆಗಲೇ ನಿಮ್ಮದಾಗಿದೆ. ಆಮೇಲೆ ಕೋನ. ಗಾಳಿ ನೇರ ಎದುರಿಗೆ ಬಂದಾಗ ಚಕ್ರಗಳ ನಡುವೆ ವ್ಯತ್ಯಾಸ ಕಮ್ಮಿ. ಪಕ್ಕದಿಂದ ಒಂದಿಷ್ಟು ಓರೆಯಾಗಿ ಹೊಡೆದಾಗ ಆಳ ರಿಮ್ ಹಾಯಿಯ ಹಾಗೆ ಕೆಲಸ ಮಾಡಿ ಗಾಳಿಯ ತಡೆ ಇಳಿಸುತ್ತದೆ. ಬೇರೆಬೇರೆ ಕೋನಗಳಲ್ಲಿ ಅಳೆದು, ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಒಂದೇ ಒಂದು ಕೋನದ ಅಂಕಿಯನ್ನು ಪೆಟ್ಟಿಗೆ ಮೇಲೆ ಅಚ್ಚು ಹಾಕಿದರೆ ಅದು ಸುಳ್ಳಲ್ಲ, ಆದರೆ ಇಡೀ ದಾರಿಯಲ್ಲಿ ನಿಮಗೆ ಸಿಗುವುದೂ ಅದಲ್ಲ. ಗ್ರಾಫ್ ಕೊಟ್ಟಿದ್ದರೆ ಎಡಗಡೆಯ ಅಂಕಿಗಳು ಸೊನ್ನೆಯಿಂದ ಶುರುವಾಗಿವೆಯಾ ನೋಡಿ. ಹೆಚ್ಚಾಗಿ ಆಗಿರುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಕಂದಕದ ಹಾಗೆ ಕಾಣುತ್ತದೆ. ಚಕ್ರವನ್ನು ಒಂಟಿಯಾಗಿ ಅಳೆದರಾ, ಸೈಕಲ್‌ಗೆ ಹಾಕಿ ಅಳೆದರಾ, ಮೇಲೆ ಕಾಲು ತಿರುಗಿಸುವ ಮನುಷ್ಯ ಇದ್ದರಾ, ಯಾವ ಅಗಲದ ಟೈರ್ ಇತ್ತು, ಇವೂ ಮುಖ್ಯ. ರಿಮ್ಮಿಗಿಂತ ಅಗಲವಾದ ಟೈರ್ ಹಾಕಿದರೆ ಲಾಭ ಒಂದಿಷ್ಟು ಸೋರಿಹೋಗುತ್ತದೆ.

ಜಾಹೀರಾತಿನಲ್ಲಿ ಬರದ ಇನ್ನೊಂದು ವಿಷಯ ಇದೆ. ಆಳದ ಮುಂಚಕ್ರಕ್ಕೆ ಪಕ್ಕದಿಂದ ಗಾಳಿ ಬಡಿದರೆ ಹ್ಯಾಂಡಲ್ ಎಳೆಯುತ್ತದೆ. ಹಗುರ ಮೈಯವರಿಗೆ ಇನ್ನೂ ಜಾಸ್ತಿ. ಹೆದರಿ ನೀವು ಏರೋ ಬಾರ್ (ಮೊಣಕೈ ಊರಿ, ಮುಂದಕ್ಕೆ ಬಾಗಿ ಹಿಡಿಯುವ ಹ್ಯಾಂಡಲ್) ಬಿಟ್ಟು ಎದ್ದು ಕೂತು, ಬ್ರೇಕ್ ಮೇಲೆ ಕೈ ಇಟ್ಟು ಓಡಿಸಿದಿರೋ, ಚಕ್ರ ಕೊಟ್ಟಿದ್ದೆಲ್ಲ ಹೋಯಿತು, ಮೇಲೆ ಒಂದಿಷ್ಟು ಸಾಲವೂ ಆಯಿತು. ಯಾಕೆಂದರೆ ಸೈಕಲ್ ಮೇಲೆ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಸುಮಾರು ಮುಕ್ಕಾಲು ಪಾಲು ನಿಮ್ಮ ಮೈಯೇ. ಚಕ್ರ, ಫ್ರೇಮ್ ಎಲ್ಲ ಸೇರಿ ಉಳಿದ ಕಾಲುಭಾಗ.

1989ರ ಟೂರ್ ದ ಫ್ರಾನ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಕೊನೆಯ ದಿನ 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಸೈಕಲ್ ತುಳಿಯುವುದು. ಗ್ರೆಗ್ ಲೆಮಾಂಡ್ ಅವರು ಲೊರಾನ್ ಫಿನ್ಯೋನ್ ಅವರಿಗಿಂತ 50 ಸೆಕೆಂಡ್ ಹಿಂದಿದ್ದರು. ಟ್ರಯಾಥ್ಲಾನ್‌ನವರು ಅದಾಗಲೇ ಬಳಸುತ್ತಿದ್ದ ಏರೋ ಬಾರ್ ಹಾಕಿ, ಮೊಣಕೈ ಊರಿ, ಮೈ ಕುಗ್ಗಿಸಿ, ಏರೋ ಹೆಲ್ಮೆಟ್ ತೊಟ್ಟು ಹೊರಟರು. ಫಿನ್ಯೋನ್ ಅವರದು ಬರಿ ತಲೆ, ಜುಟ್ಟು ಬೇರೆ. ಲೆಮಾಂಡ್ 58 ಸೆಕೆಂಡ್ ಕಿತ್ತುಕೊಂಡು ಇಡೀ ಟೂರನ್ನು 8 ಸೆಕೆಂಡ್‌ನಲ್ಲಿ ಗೆದ್ದರು. ಅವತ್ತು ಅವರು ತುಂಬಾ ಗಟ್ಟಿಯಾಗಿಯೂ ತುಳಿದರು, ಅದನ್ನು ಬಿಡುವ ಹಾಗಿಲ್ಲ. ಆದರೆ ಆ ಬಾರ್ ಮಾಡಿದ್ದು ಏನು? ಮನುಷ್ಯನನ್ನೇ ಚಿಕ್ಕದು ಮಾಡಿತು. ಅಂಥ ದೊಡ್ಡ ಲಾಭ ಕೊಡುವ ಸಾಮಾನು ಮೂರ್ನಾಲ್ಕು ಇವೆ ಅಷ್ಟೇ. ಉಳಿದವೆಲ್ಲ ಆ ಕಥೆಯ ಹೆಸರಲ್ಲಿ ಮಾರಾಟವಾಗುತ್ತವೆ.

ಹಾಗಾಗಿ ನೀವು ಮೊದಲು ಒಂದು ಬೈಕ್ ಫಿಟ್ (ಸೈಕಲನ್ನು ನಿಮ್ಮ ಮೈ ಅಳತೆಗೆ ಹೊಂದಿಸುವುದು) ಮಾಡಿಸಿ, ಏರೋ ಬಾರ್ ಮೇಲೆ 80 ನಿಮಿಷ ಎದ್ದೇಳದೆ ಕೂರುವ ಭಂಗಿ ಹುಡುಕಿಕೊಳ್ಳಿ. ಪಟಪಟ ಬಡಿಯುವ ಬಟ್ಟೆ ಬಿಡಿ. ಟೈರ್ ನೋಡಿ. ಗಟ್ಟಿ ಬಾಳಿಕೆಯ ನಿಧಾನದ ಟೈರಿಗೂ ಒಳ್ಳೆ ರೇಸ್ ಟೈರಿಗೂ ಒಂದೊಂದಕ್ಕೆ 10 ವಾಟ್ ಅಂತರ ಬರುವುದುಂಟು. ಮಾಮೂಲಿ ಬ್ಯುಟೈಲ್ ರಬ್ಬರ್ ಟ್ಯೂಬ್ ತೆಗೆದು, ಬೇಗ ಗಾಳಿ ಇಳಿಯುವ ಲೇಟೆಕ್ಸ್ ಟ್ಯೂಬ್ ಹಾಕಿದರೆ ಇನ್ನೂ ಒಂದೆರಡು ವಾಟ್, ಬೆಳಿಗ್ಗೆ ಬೆಳಿಗ್ಗೆ ಗಾಳಿ ತುಂಬುವ ಕೆಲಸ ಮಾತ್ರ ತಪ್ಪಲ್ಲ. ಇದೆಲ್ಲ ಆದ ಮೇಲೂ ಕೈಯಲ್ಲಿ ದುಡ್ಡು ಉಳಿದಿದ್ದರೆ ಚಕ್ರ ಕೊಳ್ಳಿ. ನೋಡೋಕೆ ಚೆನ್ನಾಗಿರುತ್ತೆ, ಆ ಝೂಂ ಸದ್ದೂ ಚೆನ್ನ. ಅದಕ್ಕೂ ಬೆಲೆ ಇದೆ, ನಾನೇನೂ ಬೇಡ ಅನ್ನಲ್ಲ.

ಪ್ರಶ್ನೆ: ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಸಾಧನ) ಇದೆ. ನಾನೇ ಪರೀಕ್ಷೆ ಮಾಡಿ ನೋಡಬಹುದಾ? ಗೆಳೆಯರೊಬ್ಬರು ಚಕ್ರಕ್ಕೆ ಸೆರಾಮಿಕ್ ಬೇರಿಂಗ್ (ಸ್ಟೀಲ್ ಬದಲು ಪಿಂಗಾಣಿಯಂಥ ಗುಂಡು ಇರುವುದು) ಹಾಕಿಸಿ "3 ವಾಟ್ ಉಳಿಯಿತು, ಮೀಟರ್‌ನಲ್ಲೇ ಕಾಣ್ತು" ಅಂತಿದ್ದಾರೆ.

ಉತ್ತರ: ಕಂಡಿರಲಿಕ್ಕೆ ಸಾಧ್ಯವಿಲ್ಲ. ಒಳ್ಳೆ ಪವರ್ ಮೀಟರ್‌ನ ನಿಖರತೆಯೇ ಶೇ 1ರಿಂದ 2ರಷ್ಟು ಆಚೀಚೆ. 200 ವಾಟ್ ತುಳಿಯುವವರಿಗೆ ಅದು 2ರಿಂದ 4 ವಾಟ್. 3 ವಾಟ್ ಆ ಗದ್ದಲದೊಳಗೇ ಮುಳುಗಿಹೋಗುತ್ತದೆ. ಗಾಳಿ ಒಂಚೂರು ತಿರುಗಿದರೆ, ಹಿಂದಿನಿಂದ ಒಂದು ಲಾರಿ ಹೋದರೆ, ಟೈರ್ ಬಿಸಿಯಾದರೆ ಅದಕ್ಕಿಂತ ಜಾಸ್ತಿ ಏರುಪೇರಾಗುತ್ತದೆ.

ಅಂಗಡಿಯಲ್ಲಿ ಚಕ್ರ ಎತ್ತಿ ಹಿಡಿದು ಒಂದು ಸಲ ತಿರುಗಿಸಿ ತೋರಿಸುತ್ತಾರಲ್ಲ, ಅದು ತಿರುಗ್ತಾ ತಿರುಗ್ತಾ ನಿಲ್ಲುವುದೇ ಇಲ್ಲ. ಸುಮ್ನೆ ನೋಡೋಕೆ ಚಂದ. ಅಲ್ಲಿ ಭಾರವೇ ಇಲ್ಲವಲ್ಲ. ಬೇರಿಂಗ್‌ನಲ್ಲಿ ದಪ್ಪ ಗ್ರೀಸ್ ಬದಲು ತೆಳು ಎಣ್ಣೆ ಬಿಟ್ಟು, ಸೀಲ್ ಸಡಿಲ ಮಾಡಿದರೆ ಸ್ಟೀಲ್ ಬೇರಿಂಗೂ ಹಾಗೇ ತಿರುಗುತ್ತದೆ. ಒಂದು ಮಳೆಗೆ ಕೆಡುತ್ತದೆ, ಅದು ಬೇರೆ ಮಾತು. ಸರಿಯಾಗಿರುವ ಚಕ್ರದ ಬೇರಿಂಗ್ ತಿನ್ನುವುದೇ ಅಬ್ಬಬ್ಬಾ ಅಂದರೆ ಒಂದೆರಡು ವಾಟ್. ಇರುವುದೇ ಅಷ್ಟಾದಾಗ ಅದರಲ್ಲಿ ಉಳಿಸುವುದು ಏನು? ಚೈನ್ ಕಡೆ ನೋಡಿ. ಕೊಳೆ ಕಟ್ಟಿದ ಚೈನ್ ತೊಳೆದು ವ್ಯಾಕ್ಸ್ (ಮೇಣ) ಹಾಕಿದರೆ ಅದರಿಂದ ಸಿಗುವುದೇ ಇದಕ್ಕಿಂತ ಜಾಸ್ತಿ.

ದೊಡ್ಡ ವ್ಯತ್ಯಾಸಗಳನ್ನು, ಅಂದರೆ ಟೈರ್, ಭಂಗಿ ಇಂಥದ್ದನ್ನು, ನೀವೇ ಅಳೆಯಬಹುದು. ಗಾಳಿ ಇಲ್ಲದ ಹೊತ್ತು, ವಾಹನ ಇಲ್ಲದ ಒಂದೇ ರಸ್ತೆ, ಹೋಗಿ ಬರುವ ಎರಡೂ ದಿಕ್ಕು. ಮೊದಲು ಹಳೆಯದು, ಆಮೇಲೆ ಹೊಸದು, ಮತ್ತೆ ಹಳೆಯದು. ಮೂರನೇ ಸಲ ಮೊದಲನೆಯ ಅಂಕಿಯೇ ಬರದಿದ್ದರೆ ಅವತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಹೆಲ್ಮೆಟ್ ಜಾಹೀರಾತಿನಲ್ಲಿ "ಮಾಮೂಲಿಗಿಂತ ಇಷ್ಟು ಪಟ್ಟು ಸುರಕ್ಷಿತ" ಅಂತ ಬರುತ್ತದಲ್ಲ, ನಂಬಬಹುದಾ?

ಉತ್ತರ: 2019ರಲ್ಲಿ ಟ್ರೆಕ್ ಕಂಪನಿಯ ಬಾಂಟ್ರಾಗರ್ ಬ್ರ್ಯಾಂಡ್ ವೇವ್‌ಸೆಲ್ ಅನ್ನುವ ತಂತ್ರಜ್ಞಾನ (ಹೆಲ್ಮೆಟ್ ಒಳಗೆ ಜೇನುಗೂಡಿನಂಥ ಪದರ) ತಂದಾಗ, ಕೆಲವು ಬಗೆಯ ಅಪಘಾತಗಳಲ್ಲಿ ಅದು ಮಾಮೂಲಿ ಫೋಮ್ ಹೆಲ್ಮೆಟ್‌ಗಿಂತ 48 ಪಟ್ಟುವರೆಗೆ ಪರಿಣಾಮಕಾರಿ ಅಂತ ಹೇಳಿತು. ಓದಿದವರ ತಲೆಯಲ್ಲಿ ಉಳಿದದ್ದು "48 ಪಟ್ಟು" ಮಾತ್ರ. "ಕೆಲವು ಬಗೆಯ", "ವರೆಗೆ" ಎರಡೂ ಗಾಳಿಗೆ ಹೋದವು.

ಪಟ್ಟುಗಳ ಲೆಕ್ಕದ ಮರ್ಮ ಇಷ್ಟೇ. ಒಂದು ಹೆಲ್ಮೆಟ್‌ನಲ್ಲಿ ಪೆಟ್ಟಾಗುವ ಸಂಭವ ನೂರಕ್ಕೆ 48, ಇನ್ನೊಂದರಲ್ಲಿ ನೂರಕ್ಕೆ 1 ಅಂತ ಇಟ್ಟುಕೊಳ್ಳಿ. 48 ಪಟ್ಟು ಅಂತರ. ಅದೇ 1ರ ಜಾಗದಲ್ಲಿ 2 ಬಂದರೆ 24 ಪಟ್ಟಿಗೆ ಇಳಿಯಿತು. ಹೆಲ್ಮೆಟ್ ಅದೇ, ತಲೆ ಅದೇ. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಪಟ್ಟು ಉಬ್ಬುತ್ತದೆ, ಅದೂ ಯಾವುದೋ ಒಂದು ವೇಗ, ಒಂದು ಕೋನದ ಪೆಟ್ಟಿನಲ್ಲಿ.

ಹಾಗಂತ ಆ ಹೆಲ್ಮೆಟ್ ಕೆಟ್ಟದ್ದಲ್ಲ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಪಟ್ಟಿಯಲ್ಲಿ ಅದಕ್ಕೆ 5 ನಕ್ಷತ್ರ ಸಿಕ್ಕಿತು. ಆದರೆ ಮಿಪ್ಸ್ (ತಲೆ ತಿರುಚುವ ಪೆಟ್ಟನ್ನು ತಗ್ಗಿಸಲು ಒಳಗೆ ಜಾರುವ ಪದರ) ಇರುವ ಬೇರೆ ಕೆಲವು ಹೆಲ್ಮೆಟ್‌ಗಳಿಗೂ ಅದೇ 5 ನಕ್ಷತ್ರ ಸಿಕ್ಕಿತ್ತು. ಎಲ್ಲಿಯ 48, ಎಲ್ಲಿಯ ಸಮಬಲ! ಕಂಪನಿಯ ಮಾತಿಗಿಂತ ಇಂಥ ಸ್ವತಂತ್ರ ಪಟ್ಟಿ ನೋಡಿ, ಅದರಲ್ಲಿ ನಿಮ್ಮ ತಲೆಗೆ ಸರಿಯಾಗಿ ಕೂರುವುದನ್ನು ಆರಿಸಿ.

ಪ್ರಶ್ನೆ: ದುಬಾರಿ ವೆಟ್‌ಸೂಟ್ (ಈಜುವಾಗ ಮೈಗೆ ಅಂಟುವ ರಬ್ಬರ್ ಉಡುಪು) ತೊಟ್ಟರೆ ಈಜಿನಲ್ಲಿ ನಿಮಿಷಗಟ್ಟಲೆ ಉಳಿಯುತ್ತಾ?

ಉತ್ತರ: ವೆಟ್‌ಸೂಟ್‌ನಿಂದ ಉಳಿಯುತ್ತದೆ. ದುಬಾರಿಯಿಂದ ಅಲ್ಲ. ನಿಯೋಪ್ರೀನ್ ತೇಲುತ್ತದೆ, ಮುಳುಗುವ ಕಾಲನ್ನು ಮೇಲೆತ್ತುತ್ತದೆ, ಮೈ ನೀರಲ್ಲಿ ಅಡ್ಡಡ್ಡ ಮಲಗುತ್ತದೆ. ಈಜು ಅಷ್ಟಕ್ಕಷ್ಟೇ ಇರುವವರಿಗೆ ಲಾಭ ಜಾಸ್ತಿ, ಚೆನ್ನಾಗಿ ಈಜುವವರ ಕಾಲು ಮೊದಲೇ ಮೇಲಿರುವುದರಿಂದ ಅವರಿಗೆ ಕಮ್ಮಿ. ಜಾಹೀರಾತು ಹೇಳುವ ನಿಮಿಷಗಳು ಸೂಟೇ ಇಲ್ಲದೆ ಈಜಿದ್ದರ ಎದುರಿಗೆ ಬಂದಿದ್ದರೆ ಅದನ್ನು ಯಾವ ಸೂಟ್ ಬೇಕಾದರೂ ಕೊಟ್ಟೀತು. ದಪ್ಪಕ್ಕಂತೂ ಟ್ರಯಾಥ್ಲಾನ್ ನಿಯಮವೇ 5 ಮಿ.ಮೀ. ಮಿತಿ ಹಾಕಿದೆ, ಅದಕ್ಕಿಂತ ಜಾಸ್ತಿ ತೇಲುವ ರಬ್ಬರ್ ತುಂಬೋಕೆ ಯಾರಿಗೂ ಬಿಡುವುದಿಲ್ಲ. ದುಬಾರಿಯದರಲ್ಲಿ ಭುಜದ ಹತ್ತಿರ ರಬ್ಬರ್ ಮೆತ್ತಗೆ, ತೆಳ್ಳಗೆ ಇರುತ್ತದೆ, ತೋಳು ಬೇಗ ಸೋಲುವುದಿಲ್ಲ. ಅಷ್ಟು ನಿಜ. ಆದರೆ ಕುತ್ತಿಗೆಯಿಂದ ನೀರು ನುಗ್ಗುವ ದುಬಾರಿ ಸೂಟ್‌ಗಿಂತ ಮೈಗೆ ಅಂಟಿ ಕೂರುವ ಸಾದಾ ಸೂಟ್ ವಾಸಿ.

ಒಂದು ಮಾತು ನೆನಪಾಯಿತು. ಈಜಿನಲ್ಲಿ ಜಾಹೀರಾತು ಹೇಳಿದ್ದು ನಿಜವೇ ಆದ ಕಾಲವೂ ಇತ್ತು. 2008ರ ಸ್ಪೀಡೋ ಎಲ್‌ಜೆಡ್‌ಆರ್ ರೇಸರ್ ಅನ್ನುವ ಈಜುಡುಗೆ, ಆಮೇಲೆ ಬಂದ ಪಾಲಿಯುರಿಥೇನ್ ಸೂಟ್‌ಗಳು ಎಷ್ಟು ಕೆಲಸ ಮಾಡಿದವು ಅಂದರೆ 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವ ದಾಖಲೆ ಬಿದ್ದವು. 2010ರಿಂದ ಅವುಗಳಿಗೆ ನಿಷೇಧ.

ಪ್ರಶ್ನೆ: ಸಮತೋಲನ, ಶಕ್ತಿ ಹೆಚ್ಚಿಸುತ್ತೆ ಅನ್ನುವ ಹಾಲೊಗ್ರಾಮ್ ಕೈಪಟ್ಟಿ ಹಾಕಿ ಓಡುವವರಿದ್ದಾರೆ. ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಂಪ್ರೆಷನ್ ಸಾಕ್ಸ್ ಕೂಡ ಅದೇ ಜಾತಿಯದಾ?

ಉತ್ತರ: ಎರಡೂ ಒಂದೇ ಅಲ್ಲ. ಹಾಲೊಗ್ರಾಮ್ ಕೈಪಟ್ಟಿಗೆ ಆಧಾರವೇ ಇಲ್ಲ. ಪವರ್ ಬ್ಯಾಲೆನ್ಸ್ ಅನ್ನುವ ಕಂಪನಿ ತನ್ನ ಮಾತಿಗೆ ನಂಬಲರ್ಹ ವೈಜ್ಞಾನಿಕ ಪುರಾವೆ ಇಲ್ಲ ಅಂತ ಆಸ್ಟ್ರೇಲಿಯಾದ ಗ್ರಾಹಕ ರಕ್ಷಣಾ ಸಂಸ್ಥೆಯ ಒತ್ತಡಕ್ಕೆ 2010ರಲ್ಲಿ ತಾನೇ ಒಪ್ಪಿಕೊಂಡಿತು. ತೋಳು ಚಾಚಿಸಿ, ಪಟ್ಟಿ ಇಲ್ಲದಾಗ ಒತ್ತಿ ಬೀಳಿಸಿ, ಪಟ್ಟಿ ಹಾಕಿದ ಮೇಲೆ ಒತ್ತಿದರೂ ಬೀಳಲಿಲ್ಲ ಅಂತ ತೋರಿಸುತ್ತಾರಲ್ಲ, ಎರಡನೇ ಸಲ ಅವರು ಒತ್ತುವ ದಿಕ್ಕನ್ನು ಗಮನಿಸಿ. ಮೊದಲ ಸಲ ಮೈಯಿಂದ ಹೊರಗೆ, ಎರಡನೇ ಸಲ ಮೈ ಕಡೆಗೆ.

ಸಾಕ್ಸ್ ಬೇರೆ. ವೇಗ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಓಟದ ಮರುದಿನ ಮೀನಖಂಡದ ನೋವು ಕಮ್ಮಿ ಅನ್ನಿಸುತ್ತದೆ ಅಂತ ಹೇಳುವವರು ತುಂಬಾ ಜನ, ಅದಕ್ಕೆ ಒಂದಿಷ್ಟು ಬೆಂಬಲವೂ ಇದೆ. ನಿಮಗೆ ಹಿತವಾದರೆ ರೇಸ್ ಮುಗಿದ ಮೇಲೆ ಹಾಕಿಕೊಳ್ಳಿ. ಈಜಿನಿಂದ ಎದ್ದು ಬಂದು ಒದ್ದೆ ಕಾಲಿಗೆ ಮೊಣಕಾಲವರೆಗೆ ಅದನ್ನು ಎಳೆಯುತ್ತಾ ಕೂರಬೇಡಿ. ಚಕ್ರಕ್ಕೆ ಅಷ್ಟೊಂದು ಸುರಿದು ಉಳಿಸಿದ ನಿಮಿಷ ಅಲ್ಲೇ ಹೋಗುತ್ತದೆ.