ಹಳ್ಳಿಗಾಡಿನ ಕೌಂಟಿಯಲ್ಲಿ ಜಮೀನು ಕೊಂಡಿದ್ದೀರಾ? ಮೊದಲು ಫಾರ್ಮ್ ನಂಬರ್ ಮಾಡಿಸಿ

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 12 ಎಕರೆ ಕೊಂಡಿದ್ದೀರಿ, ಗ್ರೀನ್ ಕಾರ್ಡ್ ಕೈಗೆ ಬಂದಿದೆ, ತರಕಾರಿ ಬೆಳೆದು ಒಂದಷ್ಟು ಆಡು ಸಾಕಬೇಕು ಅಂತ ಆಸೆ, ಸರ್ಕಾರದ ಸಹಾಯಕ್ಕೆ ಯಾರ ಹತ್ತಿರ ಹೋಗಬೇಕು ಅಂತ ಕೇಳಿದ್ದೀರಿ. ಇದೇ ರಾಜ್ಯದಲ್ಲಿ 9 ವರ್ಷದಿಂದ ತರಕಾರಿ ಬೆಳೆಯುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಊರಿನಲ್ಲಾಗಿದ್ದರೆ ಪಹಣಿ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತಿದ್ದಿರಿ, ಅಲ್ವಾ? ಇಲ್ಲಿ ಅಂಥ ಜಾಗ ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಸರ್ವಿಸ್ ಸೆಂಟರ್. ಸಾಮಾನ್ಯವಾಗಿ ಒಂದೇ ಕಟ್ಟಡದಲ್ಲಿ ಎರಡು ಕಚೇರಿ ಇರುತ್ತವೆ. ಸಾಲ, ಬೆಳೆ ಹಾನಿ ಪರಿಹಾರ, ಜಮೀನಿನ ದಾಖಲೆ ಇವೆಲ್ಲ ಎಫ್‌ಎಸ್‌ಎ (ಫಾರ್ಮ್ ಸರ್ವಿಸ್ ಏಜೆನ್ಸಿ) ಕೆಲಸ. ಮಣ್ಣು, ನೀರಿನ ಸಂರಕ್ಷಣೆ ಎನ್‌ಆರ್‌ಸಿಎಸ್ (ನ್ಯಾಚುರಲ್ ರಿಸೋರ್ಸಸ್ ಕನ್ಸರ್ವೇಶನ್ ಸರ್ವಿಸ್) ಕೆಲಸ. ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ.

ಮೊದಲು ಎಫ್‌ಎಸ್‌ಎ. ಡೀಡ್ (ಕ್ರಯಪತ್ರ), ಗುರುತಿನ ಚೀಟಿ, ಸೋಶಿಯಲ್ ಸೆಕ್ಯುರಿಟಿ ನಂಬರ್ ಒಯ್ದು ಫಾರ್ಮ್ ನಂಬರ್, ಅಂದರೆ ಅವರ ದಾಖಲೆಯಲ್ಲಿ ನಿಮ್ಮ ಜಮೀನನ್ನು ಗುರುತಿಸುವ ಸಂಖ್ಯೆ, ಮಾಡಿಸಿ. ಹಿಂದಿನ ಮಾಲೀಕರ ಕಾಲದಲ್ಲೇ ನಂಬರ್ ಆಗಿರಬಹುದು. ಆಗ ನಿಮ್ಮ ಹೆಸರು ಸೇರಿಸಿದರೆ ಸಾಕು. ಈ ನಂಬರ್ ಇಲ್ಲದೆ ಯುಎಸ್‌ಡಿಎಯ ಹೆಚ್ಚಿನ ಅರ್ಜಿಗಳು ನಡೆಯುವುದಿಲ್ಲ. ಹೊಸಬರಿಗೆ 50,000 ಡಾಲರ್‌ವರೆಗಿನ ಮೈಕ್ರೋಲೋನ್ (ಸಣ್ಣ ಸಾಲ) ಕೂಡ ಇಲ್ಲೇ ಸಿಗುತ್ತದೆ, ಅದರ ಕಾಗದಪತ್ರ ಸ್ವಲ್ಪ ಹಗುರ.

ಆಮೇಲೆ ಎನ್‌ಆರ್‌ಸಿಎಸ್. ಅವರ ಕಡೆಯವರು ಜಮೀನಿಗೇ ಬಂದು ನಿಮ್ಮ ಜೊತೆ ಓಡಾಡಿ, ಮಳೆ ನೀರು ಎಲ್ಲಿ ಹರಿಯುತ್ತದೆ, ಮಣ್ಣು ಎಲ್ಲಿ ಕೊಚ್ಚಿಹೋಗುತ್ತಿದೆ ಅಂತ ನೋಡಿ ಒಂದು ಪ್ಲಾನ್ ಬರೆದುಕೊಡುತ್ತಾರೆ. ಅದಕ್ಕೆ ಒಂದು ಡಾಲರ್ ಕೂಡ ಕೊಡಬೇಕಾಗಿಲ್ಲ! ಆ ಪ್ಲಾನಿನ ಮೇಲೆ ಈಕ್ವಿಪ್ ಅನ್ನುವ ಸಹಾಯಧನ ಯೋಜನೆಗೆ ಅರ್ಜಿ ಹಾಕಬಹುದು. ಬೇಲಿ, ಆಡುಗಳಿಗೆ ನೀರಿನ ತೊಟ್ಟಿ, ಹೈ ಟನಲ್ (ನಮ್ಮ ಪಾಲಿಹೌಸ್ ಥರದ್ದು) ಇದರಲ್ಲಿ ಬರುತ್ತವೆ. ಬೇಸಾಯ ಶುರುಮಾಡಿ 10 ವರ್ಷ ದಾಟದವರನ್ನು ಹೊಸ ರೈತರು ಅಂತ ಎಣಿಸುತ್ತಾರೆ. ಅವರಿಗೆ ಖರ್ಚಿನ 90 ಪರ್ಸೆಂಟ್‌ವರೆಗೂ ಸಿಗಬಹುದು, ಅರ್ಧದಷ್ಟು ಮುಂಗಡವಾಗಿಯೂ ಕೇಳಬಹುದು. ಉಳಿದದ್ದು ಕೆಲಸ ಮುಗಿದು ಅವರು ಬಂದು ನೋಡಿದ ಮೇಲೆ. ಈ ಹಣಕ್ಕೆ ತೆರಿಗೆ ಇದೆ, ಲೆಕ್ಕ ಇಟ್ಟುಕೊಳ್ಳಿ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಕಾಂಟ್ರಾಕ್ಟಿಗೆ ಎರಡೂ ಕಡೆ ಸಹಿ ಬೀಳುವ ಮೊದಲು ಕೆಲಸ ಶುರು ಮಾಡಬೇಡಿ. ನಾನು ಅರ್ಜಿ ಹಾಕಿದ್ದೇ ಸಾಕು ಅಂದುಕೊಂಡು ಬೇಲಿಗೆ ಕಂಬ ನೆಡಿಸಿಬಿಟ್ಟೆ. ಆ ಬೇಲಿಗೆ ಏನೂ ಬರಲಿಲ್ಲ, ಪೂರ್ತಿ ಖರ್ಚು ನನ್ನದೇ ಆಯಿತು. ಈ ನಿಯಮ ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಅರ್ಜಿ ವರ್ಷವಿಡೀ ತಗೊಳ್ಳುತ್ತಾರೆ, ಆದರೆ ಒಂದು ಗಡುವಿನೊಳಗೆ ಬಂದವನ್ನು ಒಟ್ಟಿಗೆ ಅಂಕ ಹಾಕಿ ಆರಿಸುತ್ತಾರೆ. ಈ ಸಲದ ಗಡುವು ಯಾವಾಗ ಅಂತ ಮೊದಲ ದಿನವೇ ಕೇಳಿ. ಒಮ್ಮೆ ಸಿಗದಿದ್ದರೆ ಬಿಡಬೇಡಿ, ಮುಂದಿನ ಸಲಕ್ಕೆ ಇಡಿ ಅನ್ನಿ.

ಕೌಂಟಿಯ ಸಾಯಿಲ್ ಅಂಡ್ ವಾಟರ್ ಡಿಸ್ಟ್ರಿಕ್ಟ್ (ಮಣ್ಣು, ನೀರು ಉಳಿಸುವ ಸ್ಥಳೀಯ ಸಂಸ್ಥೆ) ಕಚೇರಿಗೂ ಹೋಗಿ, ರಾಜ್ಯದ ಸಹಾಯಧನ ಅವರ ಮೂಲಕ ಬರುತ್ತದೆ. ಇಂಥ ಡಿಸ್ಟ್ರಿಕ್ಟ್ ದೇಶದಲ್ಲೇ ಮೊದಲು ಆಗಿದ್ದು ನಮ್ಮ ರಾಜ್ಯದ ಆನ್ಸನ್ ಕೌಂಟಿಯಲ್ಲಿ, 1937ರಲ್ಲಿ. ಮಣ್ಣು ಉಳಿಸಲು ಜೀವನವಿಡೀ ದುಡಿದ ಹ್ಯೂ ಹ್ಯಾಮಂಡ್ ಬೆನೆಟ್ ಅದೇ ಕೌಂಟಿಯವರು. ಇಲ್ಲಿನ ಕೆಂಪು ಮಣ್ಣು ಒಂದು ಜೋರು ಮಳೆಗೆ ಹಳ್ಳ ಸೇರುವುದನ್ನು ನೋಡಿದರೆ ಅವರ ಸಂಕಟ ಅರ್ಥವಾಗುತ್ತದೆ.

ಇನ್ನೊಂದು, ಇದು ಅರ್ಜೆಂಟು. ನಿಮ್ಮ ಜಮೀನಿಗೆ ಪ್ರೆಸೆಂಟ್ ಯೂಸ್ ವ್ಯಾಲ್ಯೂ ಅನ್ನುವ ತೆರಿಗೆ ರಿಯಾಯಿತಿ ಈಗಾಗಲೇ ಇದೆಯಾ ಅಂತ ಕೌಂಟಿ ತೆರಿಗೆ ಕಚೇರಿಯಲ್ಲಿ ವಿಚಾರಿಸಿ. ಇದ್ದರೆ ಜಮೀನು ನಿಮ್ಮ ಹೆಸರಿಗೆ ಬಂದ 60 ದಿನದೊಳಗೆ ನೀವು ಅರ್ಜಿ ಕೊಡಬೇಕು.

ಎಚ್-1ಬಿಯಲ್ಲಿರುವ ನಿಮ್ಮ ಭಾವನೂ ಪಕ್ಕದ ಜಮೀನು ಕೊಳ್ಳುತ್ತಾರೆ ಅಂದಿರಿ. ಗ್ರೀನ್ ಕಾರ್ಡ್ ಇಲ್ಲದವರು 10 ಎಕರೆಗಿಂತ ಜಾಸ್ತಿ ಕೃಷಿ ಜಮೀನು ಕೊಂಡರೆ 90 ದಿನದೊಳಗೆ ಯುಎಸ್‌ಡಿಎಗೆ ತಿಳಿಸಲೇಬೇಕು. ತಪ್ಪಿದರೆ ಜಮೀನಿನ ಬೆಲೆಯ ಕಾಲು ಭಾಗದವರೆಗೂ ದಂಡ ಹಾಕಬಹುದು. ಬೇಸಾಯದ ಕೆಲಸಕ್ಕೆ ವೀಸಾ ಒಪ್ಪುತ್ತದಾ ಅಂತ ವಕೀಲರನ್ನು ಕೇಳಲಿ.

ನಿಮ್ಮ ಜಮೀನಿನ ಇಳಿಜಾರು ಯಾವ ಕಡೆ, ನೀರು ಬಾವಿಯದೋ ಹಳ್ಳದ್ದೋ ಅಂತ ಬರೆದು ಕಳಿಸಿ. ಮೊದಲ ಭೇಟಿಯಲ್ಲಿ ಏನೇನು ಕೇಳಬೇಕು ಅಂತ ಹೇಳುತ್ತೇನೆ.