ಆಡಿಯೊ ಕ್ಯಾಪ್ಚಾ ಇದ್ದರೂ ದೃಷ್ಟಿಹೀನರಿಗೆ ತೊಂದರೆ ಏಕೆ?

ಬಳಸುತ್ತಿರುವುದು ಯಂತ್ರವಲ್ಲ, ಮನುಷ್ಯ ಎಂದು ಖಚಿತಪಡಿಸಿಕೊಳ್ಳಲು ಜಾಲತಾಣಗಳು ಒಡ್ಡುವ ಪರೀಕ್ಷೆಯೇ ಕ್ಯಾಪ್ಚಾ. ಅದರ ಚಿತ್ರ ಓದಲಾಗದವರಿಗೆ, ಅಂಕಿಗಳನ್ನು ಕೇಳಿ ಬರೆಯುವ ಆಡಿಯೊ ಆಯ್ಕೆ ಇದ್ದೇ ಇರುವಾಗ ದೃಷ್ಟಿಹೀನರು ಏಕೆ ಆಕ್ಷೇಪಿಸುತ್ತಾರೆ, ಕ್ಯಾಪ್ಚಾ ತೆಗೆದರೆ ಜಾಲತಾಣದ ಭದ್ರತೆಯ ಗತಿಯೇನು ಎಂದು ಕೇಳಿದ್ದೀರಿ. ಅಂಗವಿಕಲರು ಜಾಲತಾಣಗಳನ್ನು ಸರಾಗವಾಗಿ ಬಳಸಬಲ್ಲರೇ ಎಂದು ಪರೀಕ್ಷಿಸುವುದು ನನ್ನ ವೃತ್ತಿಯಾದ್ದರಿಂದ ಈ ತೊಡಕನ್ನು ಪದೇ ಪದೇ ಕಂಡಿದ್ದೇನೆ.

ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಬಳಸುವವರು ಪ್ಲೇ ಗುಂಡಿ ಒತ್ತಿದ ತಕ್ಷಣ ಅಂಕಿಗಳು ಕೇಳತೊಡಗುತ್ತವೆ. ಉತ್ತರ ಬರೆಯಬೇಕಾದ ಪೆಟ್ಟಿಗೆಗೆ ಹೋಗಲು ಅವರು ಟ್ಯಾಬ್ ಕೀಲಿ ಒತ್ತಬೇಕು; ಒತ್ತಿದ ಕೂಡಲೇ ಸ್ಕ್ರೀನ್ ರೀಡರ್ ತನ್ನ ಕರ್ತವ್ಯದಂತೆ ಆ ಪೆಟ್ಟಿಗೆಯ ಹೆಸರನ್ನು ಗಟ್ಟಿಯಾಗಿ ಹೇಳುತ್ತದೆ, ಮೊದಲ ಒಂದೆರಡು ಅಂಕಿಗಳು ಆ ಮಾತಿನಡಿ ಮುಚ್ಚಿಹೋಗುತ್ತವೆ. ಬಾಟ್‌ಗಳನ್ನು, ಅಂದರೆ ಮನುಷ್ಯರಂತೆ ನಟಿಸುವ ಸ್ವಯಂಚಾಲಿತ ತಂತ್ರಾಂಶಗಳನ್ನು, ಗೊಂದಲಗೊಳಿಸಲು ಬೆರೆಸಿದ ಗದ್ದಲ ಬೇರೆ. ಮತ್ತೆ ಕೇಳಬೇಕೆಂದರೆ ಹಿಂದಕ್ಕೆ ಹೋಗಿ ಗುಂಡಿ ಹುಡುಕಬೇಕು, ಅಷ್ಟರಲ್ಲಿ ಕೇಳಿದ ಅಂಕಿಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕಣ್ಣು ಕಾಣುವವರಾದರೆ ಚಿತ್ರವನ್ನು ನೋಡುತ್ತಲೇ ಟೈಪ್ ಮಾಡಿ ಮುಗಿಸಿರುತ್ತಾರೆ.

ಸಂಶೋಧಕರಾದ ಜೆಫ್ರಿ ಬಿಗ್‌ಹ್ಯಾಮ್ ಮತ್ತು ಆನಾ ಕ್ಯಾವೆಂಡರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆದು ತೋರಿಸಿತು. ಆಗಿನ ಜನಪ್ರಿಯ ಜಾಲತಾಣಗಳ ಆಡಿಯೊ ಕ್ಯಾಪ್ಚಾಗಳನ್ನು ಬಿಡಿಸಲು ಕೊಟ್ಟಾಗ ಅದರಲ್ಲಿ ಭಾಗವಹಿಸಿದ್ದ 89 ದೃಷ್ಟಿಹೀನರ ಯಶಸ್ಸಿನ ಪ್ರಮಾಣ ಶೇ 43 ಮಾತ್ರ ಇತ್ತು. ದೃಷ್ಟಿಯುಳ್ಳವರದು ಅದಕ್ಕಿಂತಲೂ ಕಡಿಮೆ. ಅವರ ಮುಂದಿನ ಹೆಜ್ಜೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಧ್ವನಿಯನ್ನು ಹಾಗೆಯೇ ಉಳಿಸಿಕೊಂಡು, ಅದನ್ನು ನಿಲ್ಲಿಸುವ, ಹಿಂದೆ ಸರಿಸುವ ಕೀಲಿಗಳನ್ನು ಉತ್ತರದ ಪೆಟ್ಟಿಗೆಯೊಳಗೇ ಅಳವಡಿಸಿದರು. ಅಷ್ಟರಿಂದಲೇ ದೃಷ್ಟಿಹೀನರ ಯಶಸ್ಸು ಮೊದಲಿಗಿಂತ ಶೇ 59ರಷ್ಟು ಹೆಚ್ಚಿತು. ಇಷ್ಟು ಸುಲಭದ ತಿದ್ದುಪಡಿಗೆ ಒಂದು ಸಂಶೋಧನಾ ಪ್ರಬಂಧ ಬೇಕಾಯಿತೆಂಬುದು ಜಾಲಪುಟ ಕಟ್ಟುವವರು ಸ್ಕ್ರೀನ್ ರೀಡರನ್ನು ಎಷ್ಟು ವಿರಳವಾಗಿ ತೆರೆದು ನೋಡುತ್ತಾರೆಂಬುದನ್ನೂ ತಿಳಿಸುತ್ತದೆ.

ಇನ್ನು ಭದ್ರತೆ. 2017ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಗೂಗಲ್‌ನ ಕ್ಯಾಪ್ಚಾ ಸೇವೆಯಾದ ರೀಕ್ಯಾಪ್ಚಾದ ಧ್ವನಿಯನ್ನು ಎಲ್ಲರಿಗೂ ಲಭ್ಯವಿರುವ ಧ್ವನಿ ಗುರುತಿಸುವ ಸೇವೆಗಳಿಗೇ ಒಪ್ಪಿಸಿ, ಸುಮಾರು ಶೇ 85 ನಿಖರತೆಯಿಂದ ಬಿಡಿಸಿ ತೋರಿಸಿದರು. ಗದ್ದಲ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಯಂತ್ರ ಸೋಲುವ ಹಂತಕ್ಕೆ ಬರುವಷ್ಟರಲ್ಲಿ ಮನುಷ್ಯ ಎಂದೋ ಸೋತಿರುತ್ತಾನೆ. ಕೂಲಿಗೆ ಕ್ಯಾಪ್ಚಾ ಬಿಡಿಸಿಕೊಡುವ ದಂಧೆಯೂ ಇರುವುದರಿಂದ, ದುಡ್ಡು ಕೊಡಲು ಸಿದ್ಧನಿರುವ ದಾಳಿಕೋರನಿಗೆ ಇದು ದೊಡ್ಡ ಅಡ್ಡಿಯೇ ಅಲ್ಲ.

ಹೀಗಿದ್ದರೂ ಕ್ಯಾಪ್ಚಾ ಉಳಿದುಕೊಂಡಿರುವುದಕ್ಕೆ ಕಾರಣ ಲೆಕ್ಕ ಹಾಕುವ ರೀತಿಯಲ್ಲಿದೆಯೆಂದು ನನ್ನ ಅಭಿಪ್ರಾಯ. ಜಾಲತಾಣದ ಮಾಲೀಕರ ಮುಂದೆ "ಇಷ್ಟು ಪ್ರಯತ್ನಗಳನ್ನು ತಡೆಯಲಾಗಿದೆ" ಎಂಬ ವರದಿ ಬರುತ್ತದೆ. ಬೇಸತ್ತು ಹೊರಟುಹೋದ ಗ್ರಾಹಕನೂ ಆ ಸಂಖ್ಯೆಯೊಳಗೇ ಬಾಟ್ ಆಗಿ ಸೇರಿರುತ್ತಾನೆ, ಅವನು ದೂರು ಕೊಡಬೇಕೆಂದರೂ ಆ ಫಾರ್ಮಿನಲ್ಲಿ ಮತ್ತೊಂದು ಕ್ಯಾಪ್ಚಾ ಇರುತ್ತದೆ. ನಷ್ಟವೇ ಲಾಭದ ಕಲಮಿನಲ್ಲಿ ನಮೂದಾಗುವಾಗ ತೀರ್ಮಾನ ಸದಾ ಒಂದೇ ಕಡೆಗೆ ವಾಲುವುದು ಸಹಜ.

ನಿಯಮಗಳು ತಡವಾಗಿಯಾದರೂ ಬದಲಾಗುತ್ತಿವೆ. ಅಂಗವಿಕಲರಿಗೂ ಜಾಲತಾಣ ಬಳಸಲು ಬರುವಂತೆ ರೂಪಿಸಿದ ಅಂತರರಾಷ್ಟ್ರೀಯ ಮಾನದಂಡವಾದ, ಅಕ್ಟೋಬರ್ 2023ರ ಡಬ್ಲ್ಯೂಸಿಎಜಿ 2.2 ಲಾಗಿನ್ ಆಗಲು ನೆನಪಿಟ್ಟುಕೊಳ್ಳುವ, ನಕಲು ಮಾಡುವ ಪರೀಕ್ಷೆಯನ್ನೇ ಏಕೈಕ ದಾರಿಯಾಗಿಸಬಾರದು ಎನ್ನುತ್ತದೆ. ಆದರೆ ಅದರ ಮೂರು ಹಂತಗಳಲ್ಲಿ ನಡುವಿನದಾದ ಎಎ ಹಂತದಲ್ಲಿ ಚಿತ್ರದೊಳಗಿನ ವಸ್ತು ಗುರುತಿಸುವ ಪರೀಕ್ಷೆಗೆ ವಿನಾಯಿತಿ ಕೊಟ್ಟಿದೆ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ 30 ಏಪ್ರಿಲ್ 2025ರಂದು, ಕಣ್ಣು ಮಿಟುಕಿಸಿ ಸಾಬೀತುಪಡಿಸಬೇಕಾದ ಡಿಜಿಟಲ್ ಕೆವೈಸಿಯ ವಿರುದ್ಧದ ಅರ್ಜಿಗಳಲ್ಲಿ, ಡಿಜಿಟಲ್ ಸೌಲಭ್ಯದ ಹಕ್ಕು ಸಂವಿಧಾನದ 21ನೇ ವಿಧಿಯ (ಜೀವಿಸುವ ಹಕ್ಕಿನ) ಭಾಗವೆಂದು ಹೇಳಿ 20 ನಿರ್ದೇಶನಗಳನ್ನು ನೀಡಿತು.

ನಿಮ್ಮದೇ ಜಾಲತಾಣವಿದ್ದರೆ, ಒಂದೇ ಕಡೆಯಿಂದ ಬರುವ ಕೋರಿಕೆಗಳಿಗೆ ಮಿತಿ ಹಾಕಿ, ಒಟಿಪಿ ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರಿನಲ್ಲೇ ಉಳಿಯುವ ಡಿಜಿಟಲ್ ಕೀಲಿ) ಬಳಸಿ. ಬಾಟ್ ಮಾತ್ರ ತುಂಬಲೆಂದು ಗುಪ್ತ ಪೆಟ್ಟಿಗೆಯೊಂದನ್ನು ಇಡುವ ಉಪಾಯವೂ ಸಣ್ಣ ತಾಣಗಳಿಗೆ ಸಾಕಾಗುತ್ತದೆ. ಅದನ್ನು ಪರದೆಯ ಹೊರಗೆ ಸರಿಸಿ ಸುಮ್ಮನಾಗಬೇಡಿ: ಕಣ್ಣಿಗೆ ಕಾಣದ ಪೆಟ್ಟಿಗೆಯನ್ನು ಸ್ಕ್ರೀನ್ ರೀಡರ್ ಓದಿಯೇ ಓದುತ್ತದೆ, ಬಳಕೆದಾರರು ಅದನ್ನು ಶ್ರದ್ಧೆಯಿಂದ ತುಂಬಿ ಬಾಟ್ ಎನಿಸಿಕೊಳ್ಳುತ್ತಾರೆ. ಸ್ಕ್ರೀನ್ ರೀಡರಿಗೂ ಸಿಗದಂತೆ ಮರೆಮಾಡಿ, ಜೊತೆಗೆ "ಇದನ್ನು ಖಾಲಿ ಬಿಡಿ" ಎಂಬ ಲೇಬಲ್ ಕೊಡಿ.